ಅತ್ತಿಗೆಯ ಪಾಲಿನ ಮಾತ್ರೆ

ಅಣ್ಣ ನನಗೆ ಹೇಳಿದ್ದು ಒಂದೇ ಕೆಲಸ. ಅತ್ತಿಗೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಗದಿದ್ದರೆ ಡಾಕ್ಟರು ಅವಳಿಗೆಂದು ಕೊಟ್ಟ ಮಾತ್ರೆಯನ್ನಾದರೂ ಅವಳ ಕೈಗೆ ಮುಟ್ಟಿಸಬೇಕು. ನಾನು ಕರೆದುಕೊಂಡೂ ಹೋಗಲಿಲ್ಲ, ಮಾತ್ರೆಯನ್ನೂ ಕೊಡಲಿಲ್ಲ. ಕೊಟ್ಟೆ ಎಂದು ಅಣ್ಣನಿಗೆ ಹೇಳಿದೆ. ಅವನು ನಂಬಿದ. ನಾನು ಹೇಳಿದ್ದನ್ನು ಅವನು ಯಾವಾಗಲೂ ನಂಬುತ್ತಿದ್ದ.

ಹೋದ ವರ್ಷ ಅಣ್ಣ ಎದೆನೋವು ಬಂದು ತೀರಿಕೊಂಡ. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಅವನನ್ನು ಬಲ್ಲವರು ಸಿಕ್ಕಿದರೆ ಈಗಲೂ ಅವನ ಟ್ರಂಪೆಟ್ಟಿನ ಮಾತು ಎತ್ತುತ್ತಾರೆ. ಅವರಿಗೆ ಅವನು ಬ್ಯಾಂಡ್‌ಸೆಟ್ಟಿನಲ್ಲಿ ಊದುವವನು. ಕೆಂಪು ಕೋಟು, ಹೆಗಲ ಮೇಲೆ ಚಿನ್ನದ ಬಣ್ಣದ ಜಾಲರಿ, ಮೇಲ್ದುಟಿಯ ನಡುವೆ ಊದಿ ಊದಿ ಬಿದ್ದ ಉಂಗುರದಂಥ ಗುರುತು. ಬಸ್ಸಿನ ಕಂಬಿ ಹಿಡಿದರೂ ಅವನ ಬಲಗೈಯ ಮೂರು ಬೆರಳು ಅದರ ಮೇಲೆ ಆಡುತ್ತಿದ್ದವು. ಹಸುವಿನ ಮೈ ತೊಳೆಯುವಾಗ ಅದರ ಬೆನ್ನ ಮೇಲೂ ಆಡುತ್ತಿದ್ದವು. ಹಸು ಸುಮ್ಮನೆ ನಿಂತಿರುತ್ತಿತ್ತು, ಅಪ್ಪ ಮಾತ್ರ ಸುಮ್ಮನಿರುತ್ತಿರಲಿಲ್ಲ.

ನಮ್ಮದು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಒಂದಿಷ್ಟು ಹೊಲ, ಎರಡು ಸೀಮೆಹಸು. ಡೈರಿಗೆ ಹಾಲು ಹಾಕಿಕೊಂಡು ಇರಬೇಕಾದ ಮಗ ಬ್ಯಾಂಡಿಗೆ ಸೇರಿದ್ದು ಅಪ್ಪನಿಗೆ ದೊಡ್ಡ ಅವಮಾನ.

"ಮದ್ವೆ ಮುಂದೆ ಊದೋನು, ಎಣದ ಮುಂದೆ ಊದೋನು, ನಮ್ಮ ವಂಶದಾಗೆ ಒಬ್ಬನೂ ಇಲ್ಲ ಕಣ್ಲಾ."

"ಅದ್ಕೇ ಅಲ್ವೇನಪ್ಪಾ ನಮ್ಮ ವಂಶದ ಎಸ್ರು ಯಾರ್ಗೂ ಗೊತ್ತಿಲ್ದೇ ಇರೋದು!"

ಮನೆಯಲ್ಲಿ ಊದಿದರೆ ಹಸು ಸೊರೆ ಬಿಟ್ಟು ಹಾಲು ಕೊಡುವುದಿಲ್ಲ ಎಂದು ಅಮ್ಮ ಗಲಾಟೆ ಮಾಡಿದಳು. ಆಮೇಲೆ ಅವನು ಸೈಕಲ್ಲು ತುಳಿದುಕೊಂಡು ಕೆಜಿಎಫ್‌ನ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಹಿಂದೆ ಹೋಗಿ ಕಲಿತ. "ಅಲ್ಲಿ ಕೇಳೋರು ಗಣಿಯೊಳ್ಗೆ ಸತ್ತೋರು ಮಾತ್ರ. ಅವ್ರು ಯಾರ್ಗೂ ದೂರು ಕೊಡಲ್ಲ" ಎನ್ನುತ್ತಿದ್ದ. ಅವನ ಜೊತೆಯವರು ತಮಿಳರು, ತೆಲುಗರು. ಅವನು ತಾಳದ ಲೆಕ್ಕವನ್ನು ತಮಿಳಿನಲ್ಲಿ ಹಾಕುತ್ತಿದ್ದ, ತಮಾಷೆಯನ್ನು ತೆಲುಗಿನಲ್ಲಿ ಮಾಡುತ್ತಿದ್ದ, ಜಗಳಕ್ಕೆ ಮಾತ್ರ ಕನ್ನಡಕ್ಕೆ ಬರುತ್ತಿದ್ದ. ಹೊಸಬರು ಸ್ವರ ತಪ್ಪಿ ನಿಂತರೆ ಅವನು ಹೇಳುತ್ತಿದ್ದುದು ಒಂದೇ: "ತಪ್ಪಿದ್ರೆ ನಿಲ್ಲಿಸ್ಬಾರ್ದು ಕಣ್ಲಾ, ಇನ್ನೂ ಜೋರಾಗಿ ಊದ್ಬೇಕು. ಜನ ಅದೇ ಸರಿ ಅಂದ್ಕೋತಾರೆ."

ಸಾವಿನ ಮೆರವಣಿಗೆಯಲ್ಲಿ ಊದುವಾಗ ಗುರುತಿಲ್ಲದ ಹೆಣಕ್ಕೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. "ಏನ್ರೀ, ಮನೆಯೋರೇ ಇಷ್ಟು ಅಳ್ತಾ ಇಲ್ಲ" ಎಂದು ಡೋಲಿನವನು ಕೆಣಕುತ್ತಿದ್ದನಂತೆ.

ನನ್ನ ಪಾಲಿಗೆ ಅವನು ಬೇರೆಯೇ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮದುವೆಯಾಗಿ ಕೆಲವೇ ವರ್ಷಕ್ಕೆ ನನ್ನ ಗಂಡ ಇನ್ನೊಬ್ಬಳ ಮನೆ ಸೇರಿಕೊಂಡ. ವಿಷಯ ತಿಳಿದ ದಿನವೇ ಅಣ್ಣ ಬಂದ. ನನ್ನ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಟ. ಒಂದು ಮಾತು ಕೇಳಲಿಲ್ಲ. ಊರು ತಲುಪಿದಾಗ ಕಟ್ಟೆಯ ಮೇಲಿದ್ದವರು, "ಏನಮ್ಮ, ಇಷ್ಟು ಬೇಗ ಬಂದ್ಬುಟ್ಟೆ?" ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟವನು ಅಣ್ಣ. "ನಮ್ಮ ಅಸುಗಳು ಇವ್ಳು ಇಲ್ದೆ ಆಲು ಕೊಡ್ತಿರ್ಲಿಲ್ಲ. ಅದ್ಕೇ ಕರ್ಕಂಬಂದೆ."

ಆಮೇಲೆ ಬಂಗಾರಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಆಯಾ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಊರಿಗೆ ಹೋದಾಗಲೆಲ್ಲ ಅತ್ತಿಗೆಯ ಹತ್ತಿರ ಕೂತು ನನ್ನ ಗಂಡನನ್ನು ಬೈಯುತ್ತಿದ್ದೆ, ಕೊನೆಗೆ, "ಗಂಡ್ಸು ಅಂದ್ರೆ ನಮ್ಮಣ್ಣನಂಗೆ ಇರ್ಬೇಕು ಅತ್ಗೆ" ಎಂದು ಮುಗಿಸುತ್ತಿದ್ದೆ. ಅತ್ತಿಗೆಯನ್ನು ಬೇತಮಂಗಲದಿಂದ ನೋಡಿ ತಂದವಳೂ ನಾನೇ. ಅವಳ ಅಣ್ಣಂದಿರ ಮುಂದೆ, ನಮ್ಮ ಹುಡುಗ ಚಿನ್ನ ಎಂದು ಹೇಳಿದವಳೂ ನಾನೇ.

ಒಂದು ದಿನ ಅಣ್ಣ ನನ್ನ ಕೋಣೆಗೆ ಬಂದ. ಚಪ್ಪಲಿ ಬಿಟ್ಟಾಗ ನೋಡಿದೆ, ಎರಡೂ ಕಾಲಿನ ಹೆಬ್ಬೆರಳ ಉಗುರಿಗೆ ಸುಣ್ಣ ಬಳಿದಿತ್ತು. ನಮ್ಮ ಕಡೆ ಮೂತ್ರ ಉರಿದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ಮೈಯ ಕಾವು ಉಗುರಿನಿಂದ ಇಳಿಯುತ್ತದೆ ಎಂದು ನಂಬಿಕೆ.

"ಏನಣ್ಣ, ಉಷ್ಣ ಆಯ್ತಾ?"

"ಊ ಕಣಮ್ಮಿ. ಬಿಸ್ಲಾಗೆ ಆ ಕೋಟು ಹಾಕ್ಕೊಂಡು ನಿಂತ್ರೆ ಇನ್ನೇನಾಯ್ತದೆ? ನಿಮ್ಮತ್ಗೆ ಬಾರ್ಲಿ ನೀರು ಕೊಟ್ಳು, ಎಳ್ನೀರು ಕುಡ್ದೆ. ಬಗ್ಗಲಿಲ್ಲ."

ಮೆಡಿಕಲ್ ಅಂಗಡಿಯವನು ಕೊಟ್ಟ ಎರಡು ಮಾತ್ರೆಯನ್ನೂ ನುಂಗಿದ್ದ. ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಹಾಕಿ ತೊಳೆದುಕೊಂಡಿದ್ದ. ಅದರಿಂದ ಉರಿ ಇನ್ನೂ ಹೆಚ್ಚಿತ್ತು. ಇಷ್ಟು ಹೇಳುವಷ್ಟರಲ್ಲಿ ಅವನು ಗೋಡೆಯ ಕಡೆ ತಿರುಗಿಬಿಟ್ಟಿದ್ದ. ತಂಗಿಯ ಹತ್ತಿರ ಆಡುವ ಮಾತಲ್ಲ. ಆದರೆ ಅವನಿಗೆ ಆಸ್ಪತ್ರೆ ಅಂದರೆ ನಾನೇ, ಬೇರೆ ಯಾರೂ ಗೊತ್ತಿರಲಿಲ್ಲ. ಕೊನೆಗೆ ಗೋಡೆಗೇ ಹೇಳಿದ: "ಕೀವು ಬತ್ತಾ ಐತೆ."

ಆಸ್ಪತ್ರೆಯಲ್ಲಿ ಎಷ್ಟೋ ಬಟ್ಟೆ ನೋಡಿದ್ದ ನನಗೆ ಅದು ಉಷ್ಣವಲ್ಲ ಎಂದು ಆಗಲೇ ಗೊತ್ತಾಯಿತು. ಆದರೂ, "ಉಷ್ಣ ಜಾಸ್ತಿ ಆದ್ರೆ ಅಂಗೂ ಆಯ್ತದೆ. ನಾಳೆ ಬಾ, ಡಾಕ್ಟ್ರು ನೋಡ್ಲಿ. ಆದ್ರೆ ನಾನು ನಿನ್ ತಂಗಿ ಅಂತ ಅಲ್ಲಿ ಏಳ್ಬೇಡ" ಎಂದೆ. ಆ ಮಾತಿಗೆ ಅವನು ಬೇಜಾರು ಮಾಡಿಕೊಳ್ಳಲಿಲ್ಲ. ತಲೆ ಆಡಿಸಿದ.

ಮಾರನೆಯ ದಿನ ನಾನು ವರಾಂಡ ಒರೆಸುತ್ತಿದ್ದಾಗ ಬಂದ. ನನ್ನ ಮುಂದೆ ನಿಂತು, ಗುರುತೇ ಇಲ್ಲದವನಂತೆ, "ಯಮ್ಮಾ, ಡಾಕ್ಟ್ರು ರೂಮು ಯಾವ ಕಡೆ?" ಎಂದ. ನಾನು ತಲೆ ಎತ್ತದೆ ಕೈ ತೋರಿಸಿದೆ. "ಪುಣ್ಯ ಬರ್ಲಿ ತಾಯಿ" ಎಂದು ಹೋದ. ಪಕ್ಕದಲ್ಲಿದ್ದ ನರ್ಸು ನಕ್ಕಳು. ನಾನೂ ನಕ್ಕೆ.

ಡಾಕ್ಟರ ಕೋಣೆಯೊಳಗೆ ಪರದೆಯ ಆಚೆ ಕಸ ತೆಗೆಯುವ ನೆಪದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಡಾಕ್ಟರು ಮೊದಲಿಗೇ ಹೆಂಗಸರ ವಿಷಯ ಕೇಳಲಿಲ್ಲ. ಮೂತ್ರದಲ್ಲಿ ಕಲ್ಲು ಬಿದ್ದಿದೆಯಾ? ಯಾವಾಗಲಾದರೂ ಮೂತ್ರದ ನಳಿಗೆ ಹಾಕಿದ್ದರಾ? ಅಲ್ಲಿಗೆ ಪೆಟ್ಟು ಬಿದ್ದಿತ್ತಾ? ಏನು ಹಾಕಿ ತೊಳೆದೆ? ಕಣ್ಣು ಕೆಂಪಾಗಿತ್ತಾ, ಮಂಡಿ ಊದಿತ್ತಾ? ಉರಿ ಶುರುವಾಗಿ ಎಷ್ಟು ದಿನ, ಕೀವಿನ ಬಣ್ಣ ಏನು? ಉರಿಗೆ ಹತ್ತಾರು ಕಾರಣ ಇರುತ್ತವೆ, ಒಂದೊಂದನ್ನೇ ಕೇಳಿ ಪಕ್ಕಕ್ಕೆ ಇಡಬೇಕು ಎಂದರು. ಕೊನೆಗೆ, "ಹೆಂಡತಿ ಬಿಟ್ಟು ಬೇರೆ ಕಡೆ ಏನಾದರೂ?" ಎಂದರು.

ಅಣ್ಣ ಕುರ್ಚಿಯಲ್ಲಿ ಸರಿದು ಕೂತ ಸದ್ದು ಕೇಳಿಸಿತು.

"ಒಂದ್ಸಲ ಸಾರ್. ಪಲಮನೇರಿಗೆ ಮದ್ವೆಗೆ ಊದಕ್ಕೆ ಓಗಿದ್ವಿ. ಕುಡ್ಸಿದ್ರು. ಒಂದೇ ಸಲ."

ಬಕೆಟ್ಟು ನನ್ನ ಕೈಯಿಂದ ಜಾರಿ ಸದ್ದಾಯಿತು. ಯಾರದು ಎಂದು ಡಾಕ್ಟರು ಕೂಗಿದರು. ಆಯಾ ಎಂದೆ.

ಎರಡು ಗಂಟೆ ಮೂತ್ರಕ್ಕೆ ಹೋಗದೆ ಇದ್ದು, ಆಮೇಲೆ ಮೊದಲು ಬರುವುದನ್ನೇ ಬಾಟಲಿಗೆ ಹಿಡಿಯಬೇಕು, ನಡುವಿನದ್ದಲ್ಲ ಎಂದು ಹೇಳಿ ಕಳಿಸಿದರು. ಅಣ್ಣ ಬಾರ್ಲಿ ನೀರು ಕುಡಿದೇ ಬಂದಿದ್ದ. ಬೆಂಚಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿ, ಹಲ್ಲು ಕಚ್ಚಿಕೊಂಡು ಕೂತ. ನಾನು ಹಾದುಹೋಗುವಾಗ ಮೆಲ್ಲಗೆ, "ಇಷ್ಟು ಉಸ್ರು ಟ್ರಂಪೆಟ್ಟಿಗೂ ಹಿಡ್ದಿರ್ಲಿಲ್ಲ ಯಮ್ಮಾ" ಎಂದ. ನನಗೆ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಬಕೆಟ್ಟು ಎತ್ತಿಕೊಂಡು ಮುಂದೆ ಹೋದೆ.

ಬಾಟಲಿಯನ್ನು ಲ್ಯಾಬಿಗೆ ಒಯ್ದವಳು ನಾನೇ. ಹತ್ತಿಕಡ್ಡಿಯಲ್ಲಿ ತೆಗೆದ ಕೀವನ್ನು ಲ್ಯಾಬಿನ ಹುಡುಗಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, "ನೋಡಿ ಆಂಟಿ" ಎಂದು ಜಾಗ ಬಿಟ್ಟಳು. ಕೀವಿನ ಕಣಗಳ ಒಳಗೆ ಸಣ್ಣ ಸಣ್ಣ ಗುಲಾಬಿ ಚುಕ್ಕೆ, ಎರಡೆರಡು ಜೋಡಿ. ಹಿಚುಕಿದ ಅವರೆಕಾಳಿನ ಎರಡು ಬೇಳೆ ಒಂದಕ್ಕೊಂದು ಅಂಟಿಕೊಂಡ ಹಾಗೆ.

"ಯಾರದು ಆಂಟಿ? ನಿಮ್ಮ ಕಡೆಯವರಾ?"

"ಯಾರೋ ಗೊತ್ತಿಲ್ಲಮ್ಮ" ಎಂದೆ.

ಡಾಕ್ಟರು ಅಣ್ಣನಿಗೆ ಬಿಡಿಸಿ ಹೇಳಿದರು. ಗಾಜಿನಲ್ಲಿ ಕಂಡದ್ದು ಒಂದು ರೋಗ. ಅದರ ಜೊತೆಗೆ ಇನ್ನೊಂದು ಇರಬಹುದು, ಅದು ಈ ಗಾಜಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಎರಡಕ್ಕೂ ಸೇರಿಸಿ ಮಾತ್ರೆ. ಹೆಂಡತಿಯನ್ನೂ ತೋರಿಸಲೇಬೇಕು. "ಹೆಂಗಸರಿಗೆ ಬಂದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಒಳಗೇ ಕೂತು ಗರ್ಭಕೋಶ ಕೆಡಿಸುತ್ತದೆ. ನಿನಗೂ ತಿರುಗಿ ಬರುತ್ತದೆ. ಕರೆದುಕೊಂಡು ಬಾ. ಬರುವುದೇ ಇಲ್ಲ ಅಂದರೆ ಇದನ್ನಾದರೂ ನುಂಗಿಸು. ಅಲ್ಲಿಯವರೆಗೆ ಜೊತೆಗೆ ಸೇರಬೇಡ." ಅಣ್ಣನ ಮಾತ್ರೆಯನ್ನು ಅಲ್ಲೇ ನುಂಗಿಸಿದರು. ಇನ್ನೊಂದು ಕವರನ್ನು ಕೈಗೆ ಕೊಟ್ಟರು.

ಸಂಜೆ ಅಣ್ಣ ನನ್ನ ಕೋಣೆಗೆ ಬಂದು ಆ ಕವರನ್ನು ನನ್ನ ಮುಂದೆ ಇಟ್ಟ. ನನ್ನ ಮುಖ ನೋಡಲಿಲ್ಲ.

"ನೀನೇ ಕೊಡಮ್ಮಿ. ಆಸ್ಪತ್ರೆಗೆ ಕರ್ಕಂಬಂದ್ರೆ ಇನ್ನೂ ಒಳ್ಳೇದು. ನಾನು ಯಾವ ಬಾಯಾಗೆ ಏಳ್ಲಿ ಅವ್ಳಿಗೆ? ನೀನು ಏಳಿದ್ರೆ ನಂಗೆ ಎರಡು ಏಟು ಒಡುದ್ರೂ ಒಡೀತಾಳೆ, ಒಡೀಲಿ. ಆದ್ರೆ ಅವ್ಳಿಗೆ ಏನೂ ಆಗ್ಬಾರ್ದು."

ತಪ್ಪು ಮಾಡಿದವನ ಮಾತು ಅದು. ಆದರೂ ಅದರಲ್ಲಿ ಹೆಂಡತಿಯ ಮೇಲಿನ ಚಿಂತೆ ಇತ್ತು.

ಭಾನುವಾರ ಊರಿಗೆ ಹೋದೆ. ಅತ್ತಿಗೆ ಜಗುಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು. ನಾನೂ ಕೂತೆ. ಕವರು ಸೊಂಟದಲ್ಲಿತ್ತು. ಕೈಗೆ ಕಾಳು ತೆಗೆದುಕೊಂಡರೆ ನನಗೆ ಆ ಗುಲಾಬಿ ಚುಕ್ಕೆಗಳೇ ಕಾಣುತ್ತಿದ್ದವು.

"ನಿಮ್ಮಣ್ಣಂಗೆ ಉಷ್ಣ ಕಡ್ಮೆ ಆಯ್ತಂತೆ" ಎಂದಳು ಅತ್ತಿಗೆ. "ನೀನು ಆಸ್ಪತ್ರೇಲಿ ಇರೋದು ಎಷ್ಟು ಉಪ್ಕಾರ ಆಯ್ತು ನೋಡು. ನೀನು ಯಾವಾಗ್ಲೂ ಏಳ್ತಿದ್ಯಲ್ಲ, ಗಂಡ್ಸು ಅಂದ್ರೆ ನಮ್ಮಣ್ಣ ಅಂತ. ನಿಜ ಕಣಮ್ಮಿ. ದೇಶ ಎಲ್ಲಾ ತಿರುಗ್ತಾರೆ, ಒಂದಿನ ಅಡ್ಡದಾರಿ ಇಲ್ಲ."

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಅವಳ ಮೇಲೆ ಕರುಣೆಯಿಂದ ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನ್ನ ಗಂಡ ಕೆಟ್ಟವನು, ನನ್ನ ಅಣ್ಣ ಒಳ್ಳೆಯವನು ಎಂಬುದೊಂದೇ ನನ್ನ ಹತ್ತಿರ ಉಳಿದಿದ್ದ ಮರ್ಯಾದೆ. ಅದನ್ನು ಅತ್ತಿಗೆಯ ಮುಂದೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವರೆಕಾಳಿನ ಸಾರಿನಲ್ಲಿ ಮುದ್ದೆ ಉಂಡು, ಕವರನ್ನು ಸೊಂಟದಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ದಡ್ಡತನ. ರೋಗ ತಂದವನು ಅವನು. ಅವನಲ್ಲೇ ಬೇರು ಸಮೇತ ಸತ್ತರೆ ಅವಳಿಗೆ ಯಾಕೆ ಮಾತ್ರೆ ಎಂದು ಯೋಚಿಸಿದೆ. ಅಣ್ಣ ಬಂದಾಗ ಆ ಮಾತ್ರೆಗಳನ್ನೂ ಅವನಿಗೇ ಕೊಟ್ಟೆ. ಡಾಕ್ಟರು ಇನ್ನೊಂದು ಸಲ ತಗೋ ಅಂದರು ಎಂದೆ. ಅವನು ನುಂಗಿ, ವಾಂತಿ ಮಾಡಿಕೊಂಡು, "ಒಟ್ಟೇಲಿ ಬ್ಯಾಂಡ್‌ಸೆಟ್ಟೇ ಐತಮ್ಮಿ" ಎಂದು ನಕ್ಕ. ಬಾಯಿ ಒರೆಸಿಕೊಂಡು ಕೇಳಿದ: "ಅವ್ಳು ತಗಂಡ್ಳಾ?"

"ತಗಂಡ್ಳು. ಶಕ್ತಿ ಮಾತ್ರೆ ಅಂತ ಏಳಿ ಕೊಟ್ಟೆ."

"ಬೈಲಿಲ್ವಾ?"

"ಏನೂ ಗೊತ್ತಾಗ್ಲಿಲ್ಲ ಬಿಡು."

ಅವನು ನನ್ನ ತಲೆ ಮುಟ್ಟಿ ಹೋದ.

ಕೆಲವು ವಾರ ಕಳೆದು ಉರಿ ಮತ್ತೆ ಬಂತು. ಈ ಸಲ ಕೀವು ಕಡಿಮೆ, ಬೆಳಿಗ್ಗೆ ಮಾತ್ರ ನೀರಾಗಿ ಕಾಣುತ್ತಿತ್ತಂತೆ. ಅಣ್ಣ ಮತ್ತೆ ಅಪರಿಚಿತನಂತೆ ಬಂದು ಬೆಂಚಿನ ಮೇಲೆ ಕೂತ. ಗಾಜಿನಲ್ಲಿ ಈ ಸಲ ಆ ಜೋಡಿ ಚುಕ್ಕೆ ಇರಲಿಲ್ಲ, ಕೀವಿನ ಕಣ ಮಾತ್ರ ಇದ್ದವು. ಮೊದಲ ರೋಗ ಹೋಗಿದೆ, ಇದು ಅದರ ಜೊತೆಯದು ಇರಬೇಕು ಎಂದರು ಡಾಕ್ಟರು.

"ಹೆಂಡತಿ ಮಾತ್ರೆ ತಗೊಂಡಳಾ?"

"ತಗಂಡ್ಳು ಸಾರ್."

"ನೀನು ಮತ್ತೆ ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ ಸಾರ್. ನನ್ ಮಗ್ಳಾಣೆ."

"ನನಗೆ ಆಣೆ ಬೇಡಪ್ಪ. ಅವಳೂ ನುಂಗಿದಳು, ನೀನೂ ನುಂಗಿದೆ, ಎಲ್ಲೂ ಹೋಗಿಲ್ಲ ಅಂತೀಯ. ಮಾತ್ರೆಗೆ ಬಗ್ಗದ ಜಾತಿಯ ರೋಗಾಣುವೂ ಇರುತ್ತದೆ, ಅದನ್ನು ಬೆಂಗಳೂರಿಗೆ ಕಳಿಸಿ ನೋಡಬೇಕು. ಆದರೆ ನೀವು ಹೇಳಿದ್ದು ನಿಜವಾಗಿದ್ದರೆ ತಾನೇ ನಾನು ಅದನ್ನು ಹುಡುಕುವುದು? ಸುಳ್ಳು ಹೇಳಿದರೆ ನಾನು ಇಲ್ಲದ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ."

ನಾನು ಬಾಗಿಲ ಹತ್ತಿರವೇ ಇದ್ದೆ. ಅವಳು ಮಾತ್ರೆ ತಗೊಂಡಿಲ್ಲ ಎಂದು ಅಷ್ಟು ಹೇಳಿದ್ದರೆ ಸಾಕಿತ್ತು. ಅವಳಿಂದಲೇ ಅವನಿಗೆ ತಿರುಗಿ ಬಂದಿದೆ ಎಂದು ಡಾಕ್ಟರಿಗೆ ಕಾರಣ ಸಿಗುತ್ತಿತ್ತು. ಅತ್ತಿಗೆಗೆ ಔಷಧಿ ಸಿಗುತ್ತಿತ್ತು. ನಾನು ನೆಲ ಒರೆಸಿದೆ.

ಅವನು ಸುಳ್ಳುಗಾರ ಎಂದೇ ಡಾಕ್ಟರಿಗೆ ಅನ್ನಿಸಿರಬೇಕು. ಬೇರೆ ಮಾತ್ರೆ, ಹೆಚ್ಚು ದಿನಕ್ಕೆ ಬರೆದುಕೊಟ್ಟು, ಈ ಸಲ ಹೆಂಡತಿಯ ಜೊತೆಗೇ ಬಾ ಎಂದು ಗದರಿ ಕಳಿಸಿದರು.

ಅಂದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಅವನು ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದ. ಆಂಡರ್ಸನ್‌ಪೇಟೆಯಲ್ಲಿ ಬ್ಯಾಂಡಿನ ಕೆಲಸವಿತ್ತು. ಅವನ ಬೆರಳು ಆಡುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ.

"ಅಮ್ಮಿ, ನಾನಂತೂ ಎಲ್ಲೂ ಓಗಿಲ್ಲ. ಅವ್ಳೂ ಮಾತ್ರೆ ತಗಂಡವ್ಳೆ. ಮತ್ತೆ ಎಲ್ಲಿಂದ ಬಂತು?"

ನಾನು ಹಳಿ ನೋಡುತ್ತಿದ್ದೆ.

"ನಾನು ಊರ್ಮೇಲೆ ಓದಾಗ ಮನೇಗೆ ಯಾರಾದ್ರೂ ಬತ್ತಾರಾ? ನಿಂಗೇನಾದ್ರೂ ಗೊತ್ತಾ?"

ಜೀವನದಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ಮಾತು ಬೈಗುಳವಲ್ಲ. "ನಂಗೇನು ಗೊತ್ತಣ್ಣ" ಎಂಬುದು. ರೈಲು ಬಂತು, ಅವನು ಹತ್ತಿದ.

ಅದಾದ ಮೇಲೆ ಅವನು ಅತ್ತಿಗೆಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹಾಸಿಗೆಯನ್ನು ಕೊಟ್ಟಿಗೆಯ ಪಕ್ಕದ ಪಡಸಾಲೆಗೆ ಹಾಕಿಕೊಂಡ. ಆಮೇಲೆ ಆಂಡರ್ಸನ್‌ಪೇಟೆಯ ಬ್ಯಾಂಡಿನವರ ಶೆಡ್ಡಿನಲ್ಲೇ ಹೆಚ್ಚು ಇರತೊಡಗಿದ. ಮಗಳಿಗೆ ಸಾಮಾನು ತಂದುಕೊಟ್ಟು, ಬಾಗಿಲಲ್ಲೇ ನಿಂತು ಹೊರಡುತ್ತಿದ್ದ. ಉರಿ ಮತ್ತೆ ಬರಲಿಲ್ಲ. ಅತ್ತಿಗೆಯ ಜೊತೆ ಅವನು ಮತ್ತೆ ಸೇರಲೇ ಇಲ್ಲ, ಇನ್ನು ಬರುವುದಾದರೂ ಎಲ್ಲಿಂದ? ಅವನು ಅದನ್ನೇ ಅವಳ ತಪ್ಪಿಗೆ ಸಾಕ್ಷಿ ಎಂದುಕೊಂಡ.

ಅತ್ತಿಗೆ ಒಮ್ಮೆ ನನ್ನ ಸೆರಗು ಹಿಡಿದು ಕೇಳಿದಳು. "ಮಾರಿಕುಪ್ಪಂ ಕಡೆ ಅವ್ರಿಗೆ ಯಾರಾದ್ರೂ ಅವ್ರಾ? ನನ್ನಿಂದ ಏನ್ ತಪ್ಪಾಯ್ತು ಅಂತ ಏಳಿದ್ರೆ ತಿದ್ಕೋತಿದ್ದೆ." ಅದಕ್ಕೂ ನನ್ನ ಬಾಯಲ್ಲಿ ಅದೇ ಉತ್ತರ ಬಂತು. ಅಷ್ಟರಲ್ಲಿ ಅವಳಿಗೆ ಕಿಬ್ಬೊಟ್ಟೆ ನೋವು ಶುರುವಾಗಿತ್ತು. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಕೊಂಡು, ಇದೂ ಉಷ್ಣವೇ ಎನ್ನುತ್ತಿದ್ದಳು.

ಅಣ್ಣ ಸತ್ತ ದಿನ ಬ್ಯಾಂಡಿನವರೆಲ್ಲ ಕೋಟು ಹಾಕಿಕೊಂಡು ಬಂದು ಊರಿನ ತುಂಬ ಊದಿದರು. ಅತ್ತಿಗೆ ಅಳಲಿಲ್ಲ. ಅವಳಿಗೆ ಗಂಡನ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ನನಗೆ ಅದೂ ಕೇಳಿಸಿತು.

ಈಚೆಗೆ ಅತ್ತಿಗೆಯ ನೋವು ತಡೆಯಲಾರದಷ್ಟಾಯಿತು. ಅವಳ ಮಗಳು ಫೋನು ಮಾಡಿದಳು. ನಾನೇ ಹೋಗಿ, ಅತ್ತಿಗೆಯ ಕೈ ಹಿಡಿದು, ನಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಈ ಸಲ ಬಾಗಿಲಲ್ಲೇ, ಇವರು ನಮ್ಮ ಅತ್ತಿಗೆ ಎಂದು ನರ್ಸಿಗೆ ಹೇಳಿದೆ. ಹೆಂಗಸರ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ನೋಡಿದರು. ಒಳಗೆ ಹಳೆಯ ಸೋಂಕು ಇದ್ದ ಹಾಗಿದೆ, ನಾಳಗಳು ಅಂಟಿಕೊಂಡಿವೆ ಎಂದರು. ಎರಡನೇ ಮಗು ಯಾಕೆ ಆಗಲಿಲ್ಲ ಎಂದು ಕೇಳಿದರು. ಅತ್ತಿಗೆ ತಲೆ ತಗ್ಗಿಸಿದಳು.

"ನಿಮ್ಮ ಯಜಮಾನರಿಗೆ ಯಾವಾಗಲಾದರೂ ಮೂತ್ರ ಉರಿ, ಕೀವು ಇತ್ತಾ? ನೆನಪು ಮಾಡಿಕೊಂಡು ಹೇಳಿ. ಏನು ಔಷಧಿ ಕೊಡಬೇಕು ಅನ್ನೋದು ಅದರ ಮೇಲಿದೆ."

"ಒಂದ್ಸಲ ಉಷ್ಣ ಆಗಿತ್ತು ಮೇಡಂ" ಎಂದಳು ಅತ್ತಿಗೆ. "ಸುಣ್ಣ ಹಾಕಿದ್ವಿ. ವಾಸಿ ಆಯ್ತು."

ಡಾಕ್ಟರು ಪೆನ್ನು ಎತ್ತಿದರು. ಅವರು ಬರೆಯುವ ಮೊದಲೇ ನಾನು, "ಉಷ್ಣ ಅಲ್ಲ ಮೇಡಂ" ಎಂದೆ. ಆ ಗಾಜಿನಲ್ಲಿ ಕಂಡದ್ದು, ಪಲಮನೇರಿನ ಮದುವೆ, ಎರಡನೇ ಸಲದ ಪರೀಕ್ಷೆ, ಯಾರು ಯಾವ ಮಾತ್ರೆ ನುಂಗಿದರು ಎಂಬುದು, ಎಲ್ಲವನ್ನೂ ಹೇಳಿದೆ. ಅತ್ತಿಗೆ ನನ್ನ ಕಡೆ ತಿರುಗಿದಳು. ಅವಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ಎಳೆದುಕೊಳ್ಳಲಿಲ್ಲ, ನಾನೂ ಬಿಡಲಿಲ್ಲ.

"ಅತ್ಗೆ, ನಿಂಗೆ ಅಂತ ಕೊಟ್ಟಿದ್ದ ಮಾತ್ರೆ ನಾನು ನಿಂಗೆ ಕೊಡ್ಲಿಲ್ಲ. ಕೊಟ್ಟೆ ಅಂತ ಅಣ್ಣಂಗೆ ಸುಳ್ಳು ಏಳಿದೆ. ಅದ್ಕೇ ಅವ್ನು ನಿನ್ ಮೇಲೆ ಅನ್ಮಾನ ಪಟ್ಟ, ಅದೇ ಅನ್ಮಾನ ಇಟ್ಕೊಂಡೇ ಸತ್ತ. ಅವ್ನು ಮಾಡಿದ ತಪ್ಪು ಒಂದಿನದ್ದು. ನಾನು ಇಷ್ಟು ವರ್ಷ ದಿನಾ ಮಾಡಿದೆ. ನಿನ್ನಿಂದ ಏನೂ ತಪ್ಪಾಗಿಲ್ಲ ಅತ್ಗೆ, ಯಾವತ್ತೂ ಆಗಿರ್ಲಿಲ್ಲ. ತಪ್ಪು ನಂದು. ನನ್ನ ಕ್ಷಮಿಸು."